ಲೂಥರ್ ಬರ್ಬ್ಯಾಂಕ್: ಹಿತ್ತಲಿನ 23 ಬೀಜಗಳ ಸಾಧಕ

ಲಕ್ಕವಳ್ಳಿಯ ಹಿತ್ತಲಾಗಲಿ, ಹಾಸನದ ಹೊಲವಾಗಲಿ, ಆಲೂಗಡ್ಡೆ ಬೆಳೆಯಲು ನಾವು ನೆಲದಲ್ಲಿ ಹೂಳುವುದು ಗಡ್ಡೆಯನ್ನೇ. ಹಾಸನದ ರೈತರು ಬಿತ್ತನೆ ಗಡ್ಡೆಗಾಗಿ ಪಂಜಾಬಿನತ್ತ ನೋಡಬೇಕಾಗಿರುವುದು ಈ ಕಾರಣದಿಂದಲೇ. ಆದರೆ ಆಲೂಗಿಡಕ್ಕೂ ಹೂವುಂಟು. ಅಪರೂಪಕ್ಕೆ ಹಸಿರು ಟೊಮ್ಯಾಟೊದಂತಹ ವಿಷಯುಕ್ತ ಕಾಯಿಯೂ ಉಂಟು. ಅದರೊಳಗಿನ ನಿಜಬೀಜಕ್ಕೆ ಜಗತ್ತಿನ ಗಮನ ಸೆಳೆದವರು ಅಮೆರಿಕದ ಲೂಥರ್ ಬರ್ಬ್ಯಾಂಕ್.

1849ರ ಮಾರ್ಚ್ 7ರಂದು ಮ್ಯಾಸಚೂಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ಜನಿಸಿದ ಬರ್ಬ್ಯಾಂಕ್, ತಂದೆಗೆ 13ನೆಯ ಮಗು. ಶಾಲಾ ಶಿಕ್ಷಣ ಅಲ್ಪ. ಸಸ್ಯಗಳು ಸಾಕಣೆಯಲ್ಲಿ ಹೇಗೆ ಮಾರ್ಪಡುತ್ತವೆ ಎಂಬುದನ್ನು ಕುರಿತ ಡಾರ್ವಿನ್ ಗ್ರಂಥವೇ ಅವರಿಗೆ ವಿಶ್ವವಿದ್ಯಾಲಯವಾಯಿತು. ತಂದೆಯ ಮರಣಾನಂತರ ದೊರೆತ ಪಾಲಿನಿಂದ ಲೂನೆನ್‌ಬರ್ಗ್‌ನಲ್ಲಿ 17 ಎಕರೆ ಜಮೀನು ಕೊಂಡು ತರಕಾರಿ ಬೆಳೆಯತೊಡಗಿದರು.

1872ರಲ್ಲಿ ಅವರ ತೋಟದ 'ಅರ್ಲಿ ರೋಸ್' ಆಲೂಗಿಡದಲ್ಲಿ ಒಂದು ಕಾಯಿ ಕಾಣಿಸಿತು. ಆ ತಳಿ ಕಾಯಿ ಬಿಡುವುದೇ ವಿರಳ. ಕಾಯಿ ಬಲಿಯುವುದನ್ನು ಕಾದು ಕುಳಿತಿದ್ದಾಗ ಒಂದು ದಿನ ಅದು ಮಾಯವಾಯಿತು. ಬರ್ಬ್ಯಾಂಕ್ ಸುತ್ತಲಿನ ನೆಲವನ್ನು ಶೋಧಿಸಿ ಅದನ್ನು ಪತ್ತೆ ಹಚ್ಚಿದರು. ಒಳಗಿದ್ದುದು 23 ಬೀಜಗಳು.

ಗಡ್ಡೆಯಿಂದ ಹುಟ್ಟಿದ ಗಿಡ ತಾಯಿಯ ಪಡಿಯಚ್ಚು; ಬೀಜದಿಂದ ಹುಟ್ಟಿದ ಒಂದೊಂದು ಸಸಿಯೂ ಬೇರೆ ಬೇರೆ. 23 ಸಸಿಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕವಾದರೂ, ಒಂದು ದೊಡ್ಡದಾದ, ನಯವಾದ ಬಿಳಿ ಗಡ್ಡೆಗಳನ್ನು ಸಮೃದ್ಧವಾಗಿ ನೀಡಿತು. 1875ರಲ್ಲಿ ಬೀಜವ್ಯಾಪಾರಿ ಜೇಮ್ಸ್ ಗ್ರೆಗರಿ ಅದನ್ನು 150 ಡಾಲರ್‌ಗೆ ಕೊಂಡು, ಬರ್ಬ್ಯಾಂಕ್ ಹೆಸರನ್ನೇ ಇಟ್ಟರು. ಆ ಹಣ ಹಾಗೂ ತಮಗಾಗಿ ಉಳಿಸಿಕೊಂಡ 10 ಗಡ್ಡೆಗಳೊಡನೆ ಬರ್ಬ್ಯಾಂಕ್ ಕ್ಯಾಲಿಫೋರ್ನಿಯದ ಸಾಂಟಾ ರೋಸಾ ಸೇರಿದರು.

ಮುಂದಿನ ಐದು ದಶಕಗಳಲ್ಲಿ ಅವರು ಪ್ಲಮ್, ಶಾಸ್ತಾ ಡೈಸಿ, ಮುಳ್ಳಿಲ್ಲದ ಪಾಪಾಸುಕಳ್ಳಿ ಸೇರಿದಂತೆ 800ಕ್ಕೂ ಹೆಚ್ಚು ತಳಿಗಳನ್ನು ರೂಪಿಸಿದರು. ಪ್ರಯೋಗಗಳ ದಾಖಲೆ ಸರಿಯಾಗಿ ಇಡುವುದಿಲ್ಲವೆಂಬ ವಿಜ್ಞಾನಿಗಳ ಆಕ್ಷೇಪ ನ್ಯಾಯವಾದುದೇ. ಕಾರ್ನೆಗಿ ಸಂಸ್ಥೆ ನೀಡುತ್ತಿದ್ದ ನೆರವು ಕೆಲವೇ ವರ್ಷಗಳಲ್ಲಿ ನಿಂತಿತು. ಪರಮಹಂಸ ಯೋಗಾನಂದರು ಅವರ ಆತ್ಮೀಯ ಮಿತ್ರರಾಗಿದ್ದು, 1946ರಲ್ಲಿ ತಮ್ಮ ಆತ್ಮಕಥೆಯನ್ನು ಅವರಿಗೇ ಅರ್ಪಿಸಿದರು.

ಹೊಸ ತಳಿ ಸೃಷ್ಟಿಸಿದವನಿಗೆ ಕಾನೂನಿನ ರಕ್ಷಣೆಯಿಲ್ಲ ಎಂಬುದು ಬರ್ಬ್ಯಾಂಕರ ಕೊನೆಯವರೆಗಿನ ಕೊರಗು. 1926ರ ಏಪ್ರಿಲ್ 11ರಂದು ಅವರು ನಿಧನರಾದರು. 1930ರಲ್ಲಿ ಅಮೆರಿಕ ಸಸ್ಯ ಪೇಟೆಂಟ್ ಕಾಯ್ದೆ ತಂದಾಗ ಅವರ ಹಲವು ತಳಿಗಳಿಗೆ ಮರಣೋತ್ತರ ಪೇಟೆಂಟ್ ದೊರೆಯಿತು. ಆದರೆ ಗಡ್ಡೆಯಿಂದ ವೃದ್ಧಿಯಾಗುವ ಬೆಳೆಗಳನ್ನು ಕಾಯ್ದೆ ಹೊರಗಿಟ್ಟಿತ್ತು. ಆಲೂಗಡ್ಡೆಗೆ ಆಗಲೂ ರಕ್ಷಣೆಯಿಲ್ಲ! ಅದರಿಂದ ಉದ್ಭವಿಸಿದ ಒರಟು ಸಿಪ್ಪೆಯ 'ರಸೆಟ್ ಬರ್ಬ್ಯಾಂಕ್' ಮುಂದೆ ಮೆಕ್‌ಡೊನಾಲ್ಡ್ಸ್‌ನ ಫ್ರೆಂಚ್ ಫ್ರೈ ಆಗಿ ಕೋಟ್ಯಂತರ ಡಾಲರ್ ದುಡಿಯಿತು.

ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ತಾನೇ ರೂಪಿಸಿದ ತಳಿಯನ್ನು ನೋಂದಾಯಿಸುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ನಮ್ಮ ಬಯಲು ಸೀಮೆಯ ಹ್ರಸ್ವ ಹಗಲಿನಲ್ಲಿ ಆಲೂ ಕಾಯಿ ಕಾಣಸಿಗುವುದು ಅಪರೂಪ. ಕಂಡರೆ ಕಿತ್ತೆಸೆಯುವ ಮುನ್ನ 150 ಡಾಲರ್‌ಗೆ ಕೈಬಿಟ್ಟುಹೋದ ಆ 23 ಬೀಜಗಳನ್ನು ನೆನೆಯುವುದು ಲೇಸು.