ಮನೆಯಲ್ಲೇ ರೇಡಿಯೋ ಸ್ಟೇಷನ್ ಕಟ್ಟಿದ ಮೇಷ್ಟ್ರು

ಮಾಲೂರಲ್ಲೋ ಮುಳಬಾಗಿಲಲ್ಲೋ ನಮ್ಮ ಫೋನಿಗೆ ಸಿಗ್ನಲ್ ಕೊಡೋ 4ಜಿ ಟವರ್‌ನ ಒಂದು ಸೆಕ್ಟರ್ ಸಾಮಾನ್ಯವಾಗಿ ಕಳಿಸೋದು ಬರೀ ಹತ್ತಾರು ವ್ಯಾಟ್. ಸುಮಾರು ಅಷ್ಟೇ ಪವರ್‌ನಲ್ಲಿ ಹಿಂದೆ ಮೈಸೂರಿನ ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದ್ದರು. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ.

ಅವರು ಇಂಜಿನಿಯರ್ ಅಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಹತ್ತಿರ ಮನಶ್ಶಾಸ್ತ್ರ ಓದಿ ಬಂದು, ಮಹಾರಾಜ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡ್ತಿದ್ದ ಪ್ರೊಫೆಸರ್. 1935ರ ಸೆಪ್ಟೆಂಬರ್ 10ರಂದು ‘ವಿಠಲ ವಿಹಾರ’ ಅನ್ನೋ ತಮ್ಮ ಮನೆಯಿಂದ 30 ವ್ಯಾಟ್ ಟ್ರಾನ್ಸ್‌ಮಿಟರ್‌ನಲ್ಲಿ ಪ್ರಸಾರ ಶುರು ಮಾಡಿದರು. ಖರ್ಚು ಅವರದ್ದೇ. ಸ್ಟೇಷನ್ ಹೆಸರು ಆಕಾಶವಾಣಿ.

ಆಮೇಲೆ 250 ವ್ಯಾಟ್ ಟ್ರಾನ್ಸ್‌ಮಿಟರ್ ಬಂತು. ಪವರ್ ಎಂಟು ಪಟ್ಟು ಏರಿದರೂ, ಏನೂ ಅಡ್ಡಿಯಿಲ್ಲದ ಕಡೆ ಕೂಡ ಸಿಗ್ನಲ್ ಮುಟ್ಟೋ ದೂರ ಮೂರು ಪಟ್ಟಿಗಿಂತ ಸ್ವಲ್ಪ ಕಮ್ಮಿನೇ ಏರುತ್ತೆ. ಯಾಕಂದ್ರೆ ದೂರ ಬೆಳೆಯೋದು ಪವರ್‌ನ ವರ್ಗಮೂಲದ ಲೆಕ್ಕದಲ್ಲಿ. ದೂರ ಬೇಕು ಅಂದಷ್ಟೂ ಖರ್ಚು ಜಾಸ್ತಿ. ಇದನ್ನ ಒಬ್ಬ ಮೇಷ್ಟ್ರು ವರ್ಷಗಟ್ಟಲೆ ನಡೆಸಿದರು ಅನ್ನೋದೇ ಆಶ್ಚರ್ಯ.

1942ರಲ್ಲಿ ಸ್ಟೇಷನ್ನನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಅನ್ನೋ ಹೆಸರೇ ಬಂತು.

ಇದು ನಮ್ಮ ಬ್ರಾಂಚ್ ಅಲ್ಲ ಅಂತ ಯಾವುದಾದರೂ ಪ್ರಾಜೆಕ್ಟ್ ಕೈಬಿಡೋ ಮುಂಚೆ, ಈ ಸೈಕಾಲಜಿ ಮೇಷ್ಟ್ರನ್ನ ಒಂದ್ಸಲ ನೆನಪು ಮಾಡ್ಕೊಳ್ಳೋಣ.