ಐದು ಪೌಂಡ್ ಸಾಲ, ತೂತು ಕೊರೆದ ತಗಡು: ಮೆಕ್ಯಾನೋ ಹುಟ್ಟಿಸಿದ ಅಪ್ಪನ ಕತೆ

ಜ್ಯೇಷ್ಠದ ಅಮಾವಾಸ್ಯೆ ಬಂತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಿಗೆ ಮಣ್ಣಿನ ಮುದ್ದೆ ಬರುತ್ತದೆ. ಮುತ್ಯಾ ಮಣ್ಣು ಹದ ಮಾಡ್ತಾನೆ, ಅವ್ವ ಎತ್ತಿನ ಕೊಂಬು ತಿದ್ದುತ್ತಾಳೆ, ಹುಡುಗರು ಕಾಲು ಅಂಟಿಸ್ತಾರೆ. ಎತ್ತು ನಿಲ್ಲದೆ ಮಗ್ಗಲಿಗೆ ಬಿದ್ದರೆ ಎಲ್ಲರೂ ನಗ್ತಾರೆ, ಮತ್ತೆ ತಿದ್ದುತ್ತಾರೆ. ಸುಗ್ಗಿ ಮುಗಿದ ಮೇಲೆ ಜೋಳದ ದಂಟಿನ ಬಂಡಿ ಮಾಡುವುದೂ ಹಿಂಗೇ. ದಂಟು ಸೀಳಿ, ಬೆಂಡು ತೆಗೆದು, ಗಾಲಿ ಕೂಡಿಸುವುದನ್ನು ಅಪ್ಪ ಮಗನಿಗೆ ತೋರಿಸ್ತಾನೆ, ಅಪ್ಪನಿಗೆ ಅವರಪ್ಪ ತೋರಿಸಿರ್ತಾನೆ. ಇದಕ್ಕೆ ನಾವು ಹಬ್ಬ ಅಂತೀವಿ, ಆಟ ಅಂತೀವಿ. ವಿದ್ಯೆ ಅಂತ ಮಾತ್ರ ಅನ್ನೋದಿಲ್ಲ.

ಇದೇ ಕೆಲಸವನ್ನು ತಗಡಿನಲ್ಲಿ ಮಾಡಿ, ಪೇಟೆಂಟ್ ಪಡೆದು, ಪ್ರೊಫೆಸರರಿಂದ ವಿದ್ಯೆ ಅನ್ನಿಸಿಕೊಂಡು, ದೇಶದೇಶಕ್ಕೆ ಮಾರಿದ ಒಬ್ಬ ಲೆಕ್ಕದ ಗುಮಾಸ್ತನಿದ್ದ. ಹೆಸರು ಫ್ರಾಂಕ್ ಹಾರ್ನ್‌ಬಿ. ಅವನ ಬದುಕನ್ನು ಇಂಗ್ಲಿಷಿನವರು ಸಾಮಾನ್ಯವಾಗಿ ಸ್ವಪ್ರಯತ್ನದ ಪವಾಡದಂತೆ ಹೇಳ್ತಾರೆ. ಅದರಲ್ಲಿ ಸ್ವಪ್ರಯತ್ನ ಇದೆ, ಸುಳ್ಳಲ್ಲ. ಆದರೆ ಕತೆ ಅಷ್ಟೇ ಅಲ್ಲ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಬಂದರು ನಗರ ಲಿವರ್‌ಪೂಲ್‌ನಲ್ಲಿ. ಅಪ್ಪ ದಿನಸಿ ಸಾಮಾನಿನ ವ್ಯಾಪಾರಿ. ಹುಡುಗ ಓದಿನಲ್ಲಿ ಹೇಳಿಕೊಳ್ಳುವಂಥವನಲ್ಲ. 16ಕ್ಕೆ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲೇ ಕ್ಯಾಷಿಯರ್ ಆಗಿ ಕೂತ. ಸ್ಯಾಮುಯೆಲ್ ಸ್ಮೈಲ್ಸ್ ಬರೆದ ‘ಸೆಲ್ಫ್ ಹೆಲ್ಪ್’ ಪುಸ್ತಕ ಓದಿ ತಲೆ ಕೆಡಿಸಿಕೊಂಡಿದ್ದ. ಬಡತನದಿಂದ ಮೇಲೆ ಬಂದ ಸಂಶೋಧಕರ ಕತೆಗಳ ಆ ಪುಸ್ತಕ ಆಗಿನ ಬ್ರಿಟನ್ನಿನ ಕೆಳ ಮಧ್ಯಮ ವರ್ಗಕ್ಕೆ ಹೆಚ್ಚುಕಡಿಮೆ ಪುರಾಣವಾಗಿತ್ತು. ಒಮ್ಮೆ ತಿರುಗಿಸಿದರೆ ನಿಲ್ಲದೇ ತಿರುಗುವ ಯಂತ್ರ ಮಾಡಲು ಹುಡುಗ ಹೊರಟಿದ್ದ. ಅಂಥ ಯಂತ್ರ ಆಗೋದಿಲ್ಲ. ಅವನದೂ ಆಗಲಿಲ್ಲ.

1887ರಲ್ಲಿ ಕ್ಲಾರಾ ಎಂಬ ಶಾಲಾ ಶಿಕ್ಷಕಿಯನ್ನು ಮದುವೆಯಾದ. ರೋಲಂಡ್ ಮತ್ತು ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು, ಪೆಟ್ರೀಷಿಯಾ ಎಂಬ ಮಗಳು. 1899ರಲ್ಲಿ ಅಪ್ಪ ತೀರಿಕೊಂಡ, ಅಂಗಡಿ ಮುಚ್ಚಿತು. 36ರ ಹಾರ್ನ್‌ಬಿ, ಮಾಂಸ ಆಮದು ಮಾಡುತ್ತಿದ್ದ ಡೇವಿಡ್ ಎಲಿಯಟ್ ಎಂಬ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಹಗಲು ಮಾಂಸದ ಲೆಕ್ಕ, ಸಂಜೆ ಮನೆಯಲ್ಲಿ ತಗಡು ಕತ್ತರಿಸುವುದು.

ಮಕ್ಕಳಿಗಾಗಿ ಸೇತುವೆ, ಲಾರಿ, ಕ್ರೇನುಗಳನ್ನು ಮಾಡ್ತಿದ್ದ. ಬಂದರಿನ ಊರಲ್ಲಿ ಹುಡುಗರ ಕಣ್ಣಿಗೆ ದಿನಾ ಬೀಳುವುದು ಕ್ರೇನೇ. ಆದರೆ ಕ್ರೇನಿಗೆ ಮಾಡಿದ ತುಂಡು ಸೇತುವೆಗೆ ಬರ್ತಿರಲಿಲ್ಲ. ಒಂದೊಂದು ಆಟಿಕೆಗೂ ಹೊಸದಾಗಿ ಅಳೆದು ಕತ್ತರಿಸಬೇಕು. ಪ್ರತಿ ತುಂಡನ್ನೂ ಒಂದೇ ಅಗಲಕ್ಕೆ ಕತ್ತರಿಸಿ, ಒಂದೇ ಅಂತರಕ್ಕೆ ತೂತು ಕೊರೆದುಬಿಟ್ಟರೆ? ಆಗ ಯಾವ ಪಟ್ಟಿ ಯಾವುದಕ್ಕಾದರೂ ಕೂಡುತ್ತೆ. ಇವತ್ತು ಕ್ರೇನು, ನಾಳೆ ಬಿಚ್ಚಿ ಸೇತುವೆ. ಈ ವಿಚಾರ ರೈಲು ಪ್ರಯಾಣದಲ್ಲಿ ಹೊಳೆಯಿತೆಂದು ಅವನೇ ಮುಂದೆ ಹೇಳಿಕೊಂಡ. ಯಶಸ್ವಿಯಾದವರಿಗೆ ಇಂಥ ರೈಲು ಪ್ರಯಾಣಗಳು ನೆನಪಾಗುವುದು ಜಾಸ್ತಿ, ಇರಲಿ.

ಪಟ್ಟಿಯ ಅಗಲ ಅರ್ಧ ಇಂಚು, ತೂತಿನಿಂದ ತೂತಿಗೆ ಅರ್ಧ ಇಂಚು. ಹಾರ್ನ್‌ಬಿಯ ನಿಜವಾದ ಸಂಶೋಧನೆ ಇದು. ನೋಡಲಿಕ್ಕೆ ಏನೂ ಇಲ್ಲ ಅನ್ನಿಸಬಹುದು. ವಾಡಿ ಜಂಕ್ಷನ್ನಿನಲ್ಲಿ ನಿಂತು ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ಮುಂಬೈ ಕಡೆಯಿಂದ ರಾಯಚೂರಿಗೆ ಹೋಗುವ ಹಳಿಗೆ, 1874ರಲ್ಲಿ ನಿಜಾಮರ ರೈಲು ವಾಡಿಯಲ್ಲಿ ಬಂದು ಕೂಡಿಕೊಂಡಿತು. ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ಹಾದಿ ಅದು. ಎರಡು ಕಂಪನಿ, ಎರಡು ಸರ್ಕಾರ. ಆದರೂ ಡಬ್ಬಿ ಈ ಹಳಿಯಿಂದ ಆ ಹಳಿಗೆ ಹೋಗಬಲ್ಲದು, ಯಾಕಂದರೆ ಎರಡರ ಅಗಲವೂ ಒಂದೇ. ಜಗತ್ತಿನ ದೊಡ್ಡ ಯಂತ್ರಗಳನ್ನೆಲ್ಲ ಕೂಡಿಸುತ್ತಿದ್ದ ಈ ಗುಟ್ಟನ್ನು ಹಾರ್ನ್‌ಬಿ ಮಕ್ಕಳ ಕೋಣೆಗೆ ತಂದ. ಅಳತೆ ಬದಲಾಗದ್ದರಿಂದಲೇ ಅಜ್ಜನ ಡಬ್ಬಿಯ ಪಟ್ಟಿಗೆ ಮೊಮ್ಮಗನ ಡಬ್ಬಿಯ ಪಟ್ಟಿ ಕೂಡಿತು. ಮೆಕ್ಯಾನೋ ಮನೆತನದ ಆಟವಾಗಿ ಉಳಿದದ್ದಕ್ಕೆ ಪ್ರೀತಿ ವಾತ್ಸಲ್ಯ ಎಷ್ಟು ಕಾರಣವೋ, ಅರ್ಧ ಇಂಚೂ ಅಷ್ಟೇ ಕಾರಣ.

1901ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಖರ್ಚಿಗೆ ದುಡ್ಡಿರಲಿಲ್ಲ, ಧಣಿ ಎಲಿಯಟ್‌ನಿಂದ ಐದು ಪೌಂಡ್ ಸಾಲ ತೆಗೆದ. ಎಲಿಯಟ್ ಸಾಲ ಕೊಟ್ಟದ್ದಷ್ಟೇ ಅಲ್ಲ, ಪಾಲುದಾರನೂ ಆದ. ‘ಮೆಕ್ಯಾನಿಕ್ಸ್ ಮೇಡ್ ಈಸಿ’ ಎಂಬ ಹೆಸರಿನಲ್ಲಿ ಹದಿನಾರು ಬಗೆಯ ಬಿಡಿಭಾಗಗಳ ಡಬ್ಬಿ ಮಾರುಕಟ್ಟೆಗೆ ಬಂತು. ಬೆಲೆ ಏಳೂವರೆ ಶಿಲ್ಲಿಂಗ್. ಕೂಲಿಯವನ ವಾರದ ದುಡಿಮೆಯಲ್ಲಿ ಅದು ದೊಡ್ಡ ಪಾಲು. ತಗಡು ಒರಟು, ಅಂಗಡಿಯವರಿಗೂ ಅಷ್ಟಕ್ಕಷ್ಟೆ.

ಆಗ ಹಾರ್ನ್‌ಬಿ ಒಂದು ಜಾಣತನ ಮಾಡಿದ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಹೇಳಿಕೊಡುತ್ತಿದ್ದ ಪ್ರೊಫೆಸರ್ ಹೀಲ್-ಶಾ ಅವರಿಂದ ಮೆಚ್ಚುಗೆಯ ಪತ್ರ ಪಡೆದ. ಪೇಟೆಂಟಿನ ಶೀರ್ಷಿಕೆಯಲ್ಲೂ ಆಟಿಕೆ ಎಂಬುದರ ಪಕ್ಕದಲ್ಲೇ ಶೈಕ್ಷಣಿಕ ಸಾಧನ ಎಂದು ಸೇರಿಸಿದ್ದ. ನನಗೆ ಅವನ ಬದುಕಿನ ತಿರುವು ಇದು ಅನ್ನಿಸುತ್ತದೆ. ತಗಡು ತೂತು ಮಾಡುವ ಕೆಲಸ ಅಲ್ಲಿಯವರೆಗೆ ಕಮ್ಮಾರಸಾಲೆಯದು, ಕೈ ಕಪ್ಪಾಗುವವರದು. ಒಂದು ಪತ್ರದಿಂದ ಅದು ಓದಿದವರ ಮನೆಯ ನಡುಮನೆಗೆ ಬಂತು. ನಮ್ಮಲ್ಲಿ ಬಡಿಗೇರ, ಕಂಬಾರ ಮನೆಯ ಹುಡುಗ ಎಂಟು ವರ್ಷಕ್ಕೇ ಗಾಲಿ ಸಮ ಕೂಡಿಸುತ್ತಾನೆ. ಅದನ್ನು ಕುಲಕಸುಬು ಅಂತ ಬದಿಗೆ ಸರಿಸಿ, ಅವನಿಗೇ ಗಣಿತ ಬರೋದಿಲ್ಲ ಅಂತ ಹಿಂದಿನ ಬೆಂಚಿಗೆ ಕಳಿಸ್ತೇವೆ. ಪೇಟೆಯ ಶಾಲೆಯಲ್ಲಿ ದುಬಾರಿ ಡಬ್ಬಿ ತೆರೆದು ಅದೇ ಗಾಲಿ ಕೂಡಿಸಿದರೆ ಅದಕ್ಕೆ ಬೇರೆ ಹೆಸರು, ಬೇರೆ ಫೀಸು. ಕೈಗಿಂತ ಕೈ ಯಾರದು ಅನ್ನುವುದನ್ನೇ ನೋಡುವ ಚಾಳಿ ಇದು. ಹಾರ್ನ್‌ಬಿ ಈ ಚಾಳಿಯನ್ನು ಮುರಿಯಲಿಲ್ಲ, ಉಪಯೋಗಿಸಿಕೊಂಡ.

1907ರಲ್ಲಿ ಮೆಕ್ಯಾನೋ ಎಂಬ ಹೆಸರು ನೋಂದಣಿಯಾಯಿತು. 1908ರಲ್ಲಿ ಮೆಕ್ಯಾನೋ ಲಿಮಿಟೆಡ್ ಆಗುವ ಹೊತ್ತಿಗೆ ಐದು ಪೌಂಡ್ ಕೊಟ್ಟಿದ್ದ ಎಲಿಯಟ್ ಹೊರಗೆ ಹೋಗಿದ್ದ. 1914ರಲ್ಲಿ ಲಿವರ್‌ಪೂಲ್‌ನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1916ರಲ್ಲಿ ‘ಮೆಕ್ಯಾನೋ ಮ್ಯಾಗಜಿನ್’, 1919ರಲ್ಲಿ ಮೆಕ್ಯಾನೋ ಗಿಲ್ಡ್ ಎಂಬ ಹೆಸರಲ್ಲಿ ಹುಡುಗರ ಕ್ಲಬ್ಬುಗಳ ಕೂಟ, 1920ರಲ್ಲಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲು. ಕೆಂಪು ಹಸಿರು ಬಣ್ಣದ ಪಟ್ಟಿಗಳು ಬಂದದ್ದು 1926ರಲ್ಲಿ. 1930ರ ದಶಕದಲ್ಲಿ ಬಂದ ಸಣ್ಣ ಸಣ್ಣ ಕಾರುಗಳು 1934ರಲ್ಲಿ ಡಿಂಕಿ ಟಾಯ್ಸ್ ಆದವು. ಒಬ್ಬ ಮನುಷ್ಯನ ಜೀವಮಾನದಲ್ಲಿ ಮೂರು ಆಟಿಕೆ, ಮೂರೂ ಮನೆಮಾತು.

ಪತ್ರಿಕೆ ಬಹಳ ಮುಖ್ಯ. ಡಬ್ಬಿ ಮಾರಿ ಕೈ ತೊಳೆದುಕೊಳ್ಳದೆ, ಕೊಂಡ ಹುಡುಗನನ್ನು ತಿಂಗಳು ತಿಂಗಳೂ ಹಿಡಿದಿಟ್ಟುಕೊಂಡದ್ದು ಅದು. ಹೊಸ ಮಾದರಿ, ನಿಜವಾದ ಸೇತುವೆ ಇಂಜಿನ್ನುಗಳ ಲೇಖನ, ಸ್ಪರ್ಧೆ, ಜೊತೆಗೆ ಮುಂದಿನ ಡಬ್ಬಿಯ ಜಾಹೀರಾತು. ಸಣ್ಣ ಡಬ್ಬಿಗೆ ಇನ್ನೊಂದು ಸಣ್ಣ ಡಬ್ಬಿ ಕೂಡಿಸಿದರೆ ದೊಡ್ಡ ಡಬ್ಬಿಯಾಗುತ್ತಿತ್ತು. ಅಪ್ಪನ ಜೇಬಿನ ಕಡೆ ಕಣ್ಣಿಟ್ಟ ವ್ಯಾಪಾರ, ಅನುಮಾನವಿಲ್ಲ. ಆದರೆ ಆ ಅಪ್ಪನನ್ನು ನೆಲದ ಮೇಲೆ ಮಗನ ಪಕ್ಕ ಕೂಡಿಸಿದ್ದೂ ಅದೇ ವ್ಯಾಪಾರ.

ಮಗನ ಪಕ್ಕ ಅಂದೆ, ಮಗಳ ಪಕ್ಕ ಅಲ್ಲ. ಜಾಹೀರಾತುಗಳು ಕರೆಯುತ್ತಿದ್ದದ್ದು ಹುಡುಗರನ್ನೇ. ಡಬ್ಬಿಯ ಮುಚ್ಚಳದ ಚಿತ್ರದಲ್ಲೂ ಹುಡುಗರೇ. ಹಾರ್ನ್‌ಬಿ ಮನೆಯ ಕತೆಯಲ್ಲೇ ನೋಡಿ, ರೋಲಂಡ್, ಡಗ್ಲಸ್ ಮತ್ತೆ ಮತ್ತೆ ಬರ್ತಾರೆ, ಪೆಟ್ರೀಷಿಯಾ ಹೆಸರು ಹುಡುಕಿ ತೆಗೀಬೇಕು. ವಿಚಿತ್ರ ಅಂದರೆ ಬಿನ್ಸ್ ರಸ್ತೆಯ ಕಾರ್ಖಾನೆಯ ಬೆಂಚುಗಳಲ್ಲಿ ಈ ಆಟಿಕೆಗಳನ್ನು ಕೂಡಿಸಿ, ಬಣ್ಣ ಹಚ್ಚಿ, ಡಬ್ಬಿಗೆ ತುಂಬಿದವರಲ್ಲಿ ಹೆಂಗಸರು, ಹುಡುಗಿಯರು ಬಹಳ ಮಂದಿ. ಕೂಲಿಗಾದರೆ ಹುಡುಗಿಯ ಕೈ ಆಗುತ್ತಿತ್ತು, ಆಟಕ್ಕೆ ಆಗುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ ಅಂತಲೇ ಹೇಳಬೇಕು. ಅಲ್ಲಿ ಅವ್ವನ ಕೈ ಇಲ್ಲದೆ ಎತ್ತಿಗೆ ಕೊಂಬು ಮೂಡೋದಿಲ್ಲ.

ಹಾರ್ನ್‌ಬಿ ಕೋಟ್ಯಧೀಶನಾದ. 1931ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಲಿವರ್‌ಪೂಲ್‌ನ ಎವರ್ಟನ್ ಕ್ಷೇತ್ರದ ಸಂಸದನಾಗಿ ಗೆದ್ದ, 1935ರಲ್ಲಿ ಬಿಟ್ಟ. ರಾಜಕೀಯದಲ್ಲಿ ನೆನಪಿಡುವಂಥದ್ದೇನೂ ಇಲ್ಲ.

ನೆನಪಿಡಬೇಕಾದ್ದು ಅದೇ ವರ್ಷಗಳಲ್ಲಿ, ಅವನ ಕೈಮೀರಿ ನಡೆಯಿತು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಹಾರ್ಟ್ರಿ ಎಂಬ ಭೌತಶಾಸ್ತ್ರಜ್ಞ ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್, ಹೆಚ್ಚಾಗಿ ಮೆಕ್ಯಾನೋ ಬಿಡಿಭಾಗಗಳಿಂದಲೇ ಒಂದು ಲೆಕ್ಕದ ಯಂತ್ರ ಕಟ್ಟಿದರು. ಕೈಯಲ್ಲಿ ಬಿಡಿಸಲು ದಿನಗಟ್ಟಲೆ ಹಿಡಿಯುವ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರ. ಖರ್ಚು ಸುಮಾರು 20 ಪೌಂಡ್. ಅದು ಕೆಲಸ ಮಾಡಿತು, ಪರಮಾಣುಗಳ ಲೆಕ್ಕವನ್ನೂ ಬಿಡಿಸಿತು. 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಹ್ಯಾರಿ ಕ್ರೋಟೋ ತಮ್ಮ ಬಾಲ್ಯದ ಮೆಕ್ಯಾನೋವನ್ನು ಕೊನೆಯವರೆಗೂ ಹೊಗಳುತ್ತಿದ್ದರು. ನಟ್ಟು ಎಷ್ಟು ಬಿಗಿದರೆ ಸಾಕು, ಎಷ್ಟಾದರೆ ಎಳೆ ಸವೆಯುತ್ತೆ ಅನ್ನೋದು ಬೆರಳಿಗೇ ಗೊತ್ತಾಗಬೇಕು, ಒತ್ತಿದರೆ ಕೂಡುವ ಪ್ಲಾಸ್ಟಿಕ್ ಇಟ್ಟಿಗೆಯಿಂದ ಅದು ಬರೋದಿಲ್ಲ ಅನ್ನುವುದು ಅವರ ವಾದ. ವಾಡಿ ಸಿಮೆಂಟ್ ಕಾರ್ಖಾನೆಯಲ್ಲಿ, ಶಹಾಬಾದಿನ ಎವಿಬಿಯಲ್ಲಿ ಸ್ಪ್ಯಾನರ್ ಹಿಡಿದು ರಿಟೈರ್ ಆದ ಯಾವ ಫಿಟ್ಟರನ ಮುಂದೆ ಹೇಳಿದರೂ ಹೌದ್ರಿ ಅಂತ ತಲೆ ಹಾಕಾನು. ಆ ಬೆರಳಿನ ತಿಳಿವಳಿಕೆ ಫ್ಯಾಕ್ಟರಿ ಗೇಟಿನಲ್ಲೇ ನಿಂತುಬಿಟ್ಟಿತು, ಮನೆಯ ಪಡಸಾಲೆಗೆ ಬರಲಿಲ್ಲ. ಮಗ ಆಫೀಸರ್ ಆಗಲಿ, ಕೈ ಮಸಿ ಆಗೋದು ಬ್ಯಾಡ ಅಂದ ಅಪ್ಪಂದಿರನ್ನು ದೂರಲಿಕ್ಕೂ ಆಗೋದಿಲ್ಲ. ಮಸಿ ಕೈಗೆ ನಾವು ಕೊಟ್ಟ ಮರ್ಯಾದೆ ಅಷ್ಟಿತ್ತು.

1936ರ ಸೆಪ್ಟೆಂಬರ್ 21ರಂದು, ಹೃದಯದ ಕಾಯಿಲೆ ಮತ್ತು ಸಕ್ಕರೆ ಕಾಯಿಲೆಯಿಂದ ಹಾರ್ನ್‌ಬಿ ತೀರಿಕೊಂಡ. 73 ವರ್ಷವಾಗಿತ್ತು. ಅದೇ ವರ್ಷ ಈ ಕಡೆ ಶಹಾಬಾದ್ ಸಿಮೆಂಟ್ ಕಂಪನಿ ಸೇರಿ ಹತ್ತು ಕಂಪನಿಗಳು ಒಂದಾಗಿ ಎಸಿಸಿ ಆದವು. ಯಾರಿಗಾಗಿ ಮೊದಲ ಕ್ರೇನು ತಯಾರಾಗಿತ್ತೋ ಆ ರೋಲಂಡ್ ಅಪ್ಪನ ಕುರ್ಚಿಯಲ್ಲಿ ಕೂತ. ಯುದ್ಧ ಬಂತು, ಹೋಯಿತು. ಪ್ಲಾಸ್ಟಿಕ್ ಬಂತು, ಟಿವಿ ಬಂತು. 1964ರಲ್ಲಿ ಕಂಪನಿ ಮನೆತನದ ಕೈಬಿಟ್ಟು ಲೈನ್ಸ್ ಬ್ರದರ್ಸ್ ಪಾಲಾಯಿತು. 1979ರ ನವೆಂಬರಿನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಕೆಲಸಗಾರರು ಒಳಗೇ ಕೂತುಬಿಟ್ಟರು, ಹೊರಗೆ ಬರಲಿಲ್ಲ. ಹಳೇ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ತಣ್ಣಗಾದದ್ದನ್ನು ಕಂಡ ಶಹಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಕಾರ್ಖಾನೆ ಉಳಿಯಲಿಲ್ಲ.

ಡಬ್ಬಿಗಳು ಉಳಿದವು. ಇಂಗ್ಲೆಂಡಿನ ಕಡಲೂರು ಸ್ಕೆಗ್ನೆಸ್‌ನಲ್ಲಿ ಪ್ರತಿ ವರ್ಷ ಮೆಕ್ಯಾನೋ ಹವ್ಯಾಸಿಗಳು ಸೇರ್ತಾರೆ. ಬಹುಪಾಲು ತಲೆ ನೆರೆತವರು. ತಿಂಗಳುಗಟ್ಟಲೆ ಕೂತು ಕಟ್ಟಿದ ಕ್ರೇನುಗಳನ್ನು ಮೇಜಿನ ಮೇಲಿಟ್ಟು, ನೋಡಲು ಬಂದ ಮಕ್ಕಳಿಗೆ ಹ್ಯಾಂಡಲ್ ತಿರುಗಿಸಲು ಬಿಡ್ತಾರೆ. ಈಗ ಹುಡುಗಿಯರೂ ತಿರುಗಿಸ್ತಾರೆ.