ಹತ್ತು ವರ್ಷದ ಮಾತು

  

ಬೈಬಲ್ ತೆಗೆದು ಎರಡನೇ ಕೊರಿಂಥ ಪತ್ರಿಕೆ ಎಂಟನೇ ಅಧ್ಯಾಯಕ್ಕೆ ಬನ್ನಿ. ಫೋನಲ್ಲಿ ಇದ್ರೂ ಪರವಾಗಿಲ್ಲ. ಆ ಪುಟ ಹಾಗೇ ಇಟ್ಕೊಂಡಿರಿ, ಕೊನೆಗೆ ಅಲ್ಲಿಗೇ ಬರ್ತೀವಿ. ಅದಕ್ಕೆ ಮುಂಚೆ ಒಬ್ಬ ಸಹೋದರಿಯ ಜೀವನ ಹೇಳ್ಬೇಕು. ಅದಕ್ಕೂ ಮುಂಚೆ ನನ್ನ ಒಂದು ತಪ್ಪು ಒಪ್ಕೋಬೇಕು.

2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ ಆಯ್ತಲ್ಲ, ಆಗ ನಾನು ಯೌವನಸ್ಥರ ಕೂಟದ ಲೀಡರ್. ಟಿವಿ ನೋಡಿ ಅತ್ತೆವು, ಉಪವಾಸ ಮಾಡಿದೆವು, ಭಾನುವಾರ ಆರಾಧನೆ ಮುಗಿದ ಮೇಲೆ ಬಿರಿಯಾನಿ ಡಬ್ಬ ಮಾರಿ ದುಡ್ಡು ಸೇರಿಸಿದೆವು. ಅಲ್ಲಿನ ಒಂದು ಸಣ್ಣ ಅನಾಥಾಶ್ರಮದ ಮಕ್ಕಳ ಸ್ಕೂಲ್ ಫೀಸ್ ಐದು ವರ್ಷ ನಾವೇ ಕಟ್ತೀವಿ ಅಂತ ಮಾತು ಕೊಟ್ಟೆವು. ಹನ್ನೊಂದು ತಿಂಗಳು ಕಳಿಸಿದೆವು. ಆಮೇಲೆ ಕೆಲವರಿಗೆ ಕೆಲಸ ಬದಲಾಯ್ತು, ಕೆಲವರಿಗೆ ಮದುವೆ ಆಯ್ತು, ವಾಟ್ಸಾಪ್ ಗ್ರೂಪ್ ತಣ್ಣಗಾಯ್ತು. ಆಶ್ರಮದ ಅಣ್ಣನಿಂದ ಎರಡು ಮೆಸೇಜ್ ಬಂತು. ನಾನು ಓದಿದೆ, ಉತ್ತರ ಕೊಡಲಿಲ್ಲ. ಏನಂತ ಕೊಡೋದು?

ಕಳೆದ ವರ್ಷ ಧೈರ್ಯ ಮಾಡಿ ಫೋನ್ ಮಾಡಿದೆ. ಅವರು ಬೈಯಲಿಲ್ಲ, ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ವಿಚಾರಿಸಿದರು. ನಾನೇ ಕೇಳಿದ್ದಕ್ಕೆ ಹೇಳಿದರು: ದುಡ್ಡು ನಿಂತ ವರ್ಷ ಎಲ್ಲರಿಗಿಂತ ದೊಡ್ಡ ಹುಡುಗ ಓದು ಬಿಟ್ಟು ಗ್ಯಾರೇಜಿಗೆ ಸೇರಿದನಂತೆ, ಚಿಕ್ಕವರ ಫೀಸಿಗೋಸ್ಕರ. ಆ ಹುಡುಗ ನನ್ನ ಮಾತು ನಂಬಿದ್ದ. ಈ ಭಾರ ಹೊತ್ತುಕೊಂಡೇ ನಾನು ಪಂಡಿತಾ ರಮಾಬಾಯಿಯವರ ಜೀವನವನ್ನು ಮತ್ತೆ ಓದಿದೆ. ಮೊದಲು ಕಾಣದೇ ಇದ್ದದ್ದು ಈ ಸಲ ಕಾಣಿಸ್ತು.

ರಮಾಬಾಯಿ ಅಂದ್ರೆ ಪುಣೆಯವರು ಅಂತ ನಾವು ಅಂದ್ಕೊಂಡಿದ್ದೀವಿ. ಅವರು ಹುಟ್ಟಿದ್ದು ನಮ್ಮ ನೆಲದಲ್ಲಿ. 1858ರ ಏಪ್ರಿಲ್ 23ರಂದು, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸಮಾಜದ ವಿರೋಧ ಎದುರಿಸಿದ ಮನುಷ್ಯ. ಆ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಮಗು ಆರು ತಿಂಗಳಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಆಮೇಲೆ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತಾ ಊರೂರು ತಿರುಗುವ ಬದುಕು.

1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋದರು. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಕಾಲ್ನಡಿಗೆಯಲ್ಲೇ ದೇಶ ಸುತ್ತಿದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಲ್ಲಿ ಗುಂಡಿ ತೋಡಿ, ಅದರೊಳಗೆ ಮಲಗಿ, ಮೈಮೇಲೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು. ಪ್ರಿಯರೇ, ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಸಾವಿರಾರು ಅನಾಥ ಹುಡುಗಿಯರಿಗೆ ತಾಯಿಯಾದವರು ತಾವೇ ಅನಾಥೆಯಾಗಿದ್ದರು.

1878ರಲ್ಲಿ ಕಲ್ಕತ್ತಾಗೆ ಬಂದಾಗ ಅಲ್ಲಿನ ವಿದ್ವಾಂಸರು ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರ ಜೊತೆ ಮದುವೆ, ಮರುವರ್ಷ ಮಗಳು ಮನೋರಮಾ. 1882ರಲ್ಲಿ ಕಾಲರಾ ಬಂದು ಗಂಡನೂ ಹೋದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆ. ಇವತ್ತು ಇಲ್ಲಿ ಕೂತಿರೋ ಎಷ್ಟೋ ಜನರ ವಯಸ್ಸು ಅದು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲೇ ವಾಂಟೇಜ್ ಎಂಬ ಊರಲ್ಲಿ ದೀಕ್ಷಾಸ್ನಾನ ಪಡೆದರು. 1886ರಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಅಮೆರಿಕದ ಫಿಲಡೆಲ್ಫಿಯಾಕ್ಕೆ ಬಂದವರು ಎರಡು ವರ್ಷಕ್ಕೂ ಹೆಚ್ಚು ಅಲ್ಲೇ ಉಳಿದು, ಊರೂರಲ್ಲಿ ಮಾತಾಡಿದರು. ಭಾರತದ ಬಾಲವಿಧವೆಯರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು ಮಾರಿದರು. ಅವರು ಕೇಳಿದ್ದು ಇಷ್ಟೇ: ಅಂಥ ಹುಡುಗಿಯರಿಗೆ ಓದು ಮತ್ತು ಆಸರೆ ಕೊಡುವ ಒಂದು ಮನೆ.

ಇಲ್ಲಿ ನಿಲ್ಲೋಣ. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಶುರುವಾಯ್ತು. ಆ ಮನೆಯನ್ನು ಹತ್ತು ವರ್ಷ ನಡೆಸುವ ಹೊಣೆ ಹೊತ್ತಿತು. ಬೇರೆ ಬೇರೆ ಊರುಗಳಲ್ಲಿ ರಮಾಬಾಯಿ ಸರ್ಕಲ್ ಅಂತ ಸಣ್ಣ ಗುಂಪುಗಳಾದವು. ಹೆಚ್ಚಿನವರು ಹೆಂಗಸರು. ಒಬ್ಬೊಬ್ಬರು ವರ್ಷಕ್ಕೆ ಒಂದು ಡಾಲರಿನಂಥ ಸಣ್ಣ ಮೊತ್ತ, ಆದರೆ ಹತ್ತು ವರ್ಷ ಬಿಡದೆ ಕೊಡ್ತೀವಿ ಅಂತ ಮಾತು ಕೊಟ್ಟರು. ಅವರಲ್ಲಿ ಹೆಚ್ಚಿನವರು ಭಾರತವನ್ನು ಯಾವತ್ತೂ ನೋಡಲಿಲ್ಲ. ಆ ಹುಡುಗಿಯರ ಮುಖವನ್ನೂ ನೋಡಲಿಲ್ಲ.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಯಾರ ಮೇಲೂ ಧರ್ಮ ಹೇರಬಾರದು ಅನ್ನೋದು ಸಂಘದ ನಿಯಮ. ಆದರೆ ರಮಾಬಾಯಿಯವರು ಪ್ರಾರ್ಥನೆ ಮಾಡುವಾಗ ಅವರ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಊರಲ್ಲಿ ದೊಡ್ಡ ಗಲಾಟೆಯಾಯ್ತು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ದೂರು ಅಮೆರಿಕದವರೆಗೂ ಹೋಯ್ತು. ದುಡ್ಡು ಕೊಡುವವರಿಗೆ ಕೈ ತೊಳೆದುಕೊಳ್ಳೋಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಅವರು ಬಿಡಲಿಲ್ಲ. ಹತ್ತು ವರ್ಷ ಅಂದಿದ್ದರು, ಹತ್ತು ವರ್ಷ ನಿಂತರು. ಪ್ರತಿ ವರ್ಷ ಲೆಕ್ಕ, ಪ್ರತಿ ವರ್ಷ ವರದಿ.

ಈ ಮಧ್ಯೆ ರಮಾಬಾಯಿಯವರ ಒಳಗೂ ಒಂದು ಕೆಲಸ ನಡೀತಿತ್ತು. ದೀಕ್ಷಾಸ್ನಾನ ಆಗಿ ಎಂಟು ವರ್ಷ ಆದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆಯೇ ಹೊರತು ಕ್ರಿಸ್ತನೇ ಸಿಕ್ಕಿಲ್ಲ ಅಂತ ಅವರಿಗೆ ಅರಿವಾಯ್ತು. ಆಗ ಆತನಿಗೆ ಪೂರ್ತಿಯಾಗಿ ಒಪ್ಪಿಸಿಕೊಂಡರು. ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಅವರ ಅನುಭವಗಳನ್ನು ಓದಿ, ದೇವರನ್ನೇ ನಂಬಿ ಅನಾಥರನ್ನು ಸಾಕಬಹುದು ಅಂತ ಕಲಿತರು. ಆದರೂ ಸುಮ್ಮನೆ ಕೂರಲಿಲ್ಲ. ಹತ್ತು ವರ್ಷ ಒಂದು ದಿನ ಮುಗಿಯುತ್ತೆ ಅಂತ ಗೊತ್ತಿತ್ತಲ್ಲ, ಪುಣೆಯಿಂದ ದೂರದ ಕೇಡಗಾಂವ್‌ನಲ್ಲಿ ಸುಮಾರು ನೂರು ಎಕರೆ ಜಮೀನು ಕೊಂಡು ಹಣ್ಣಿನ ತೋಟ ಹಾಕಿದರು, ಮುಂದೆ ಅದರಿಂದ ಸದನಕ್ಕೆ ಆದಾಯ ಬರಲಿ ಅಂತ.

1896ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಂತು. ಮರಳ ಗುಂಡಿಯಲ್ಲಿ ಮಲಗಿದ ಹುಡುಗಿಗೆ ಅದು ಬರೀ ಸುದ್ದಿಯಲ್ಲ. ತಾವೇ ಹೋದರು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಬಾಸ್ಟನ್ನಿನವರ ಮಾತು ಶಾರದಾ ಸದನಕ್ಕೆ ಮಾತ್ರ, ಈ ಮಕ್ಕಳಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ದೇವರ ಮುಂದೆ ಮೊಣಕಾಲೂರಿದರು, ತೋಟದಲ್ಲೇ ಆಸರೆ ಕಟ್ಟಿದರು. ಅದೇ ಮುಕ್ತಿ ಮಿಷನ್. 1898ರಲ್ಲಿ ಹತ್ತು ವರ್ಷ ಮುಗಿದಾಗ ಅವರು ಮತ್ತೆ ಅಮೆರಿಕಕ್ಕೆ ಹೋದರು. ಹಳೆಯ ಸಂಘದ ಜಾಗದಲ್ಲಿ ಹೊಸ ಸಂಘ ಎದ್ದಿತು. 1900ರಲ್ಲಿ ಗುಜರಾತಿನ ಬರದಿಂದ ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಮುಕ್ತಿಯಲ್ಲಿ ಆಗ ಸುಮಾರು ಎರಡು ಸಾವಿರ ಜನ. ಓದು, ನೇಯ್ಗೆ, ಹೊಲಿಗೆ, ಬೇಸಾಯ, ಎಣ್ಣೆ ಗಾಣ, ಪ್ರೆಸ್ಸಿನ ಕೆಲಸ, ಎಲ್ಲವನ್ನೂ ಆ ಹುಡುಗಿಯರೇ ಕಲಿತು ಮಾಡಿದರು. ಭಿಕ್ಷೆಯ ತಟ್ಟೆ ಹಿಡಿದು ಕೂತವರಲ್ಲ ಅವರು.

ಈಗ ನೀವೆಲ್ಲ ಕಾಯ್ತಿರೋ ಜಾಗ. 1905ರ ಜೂನ್ ಕೊನೆಯಲ್ಲಿ ಮುಕ್ತಿಯ ಮೇಲೆ ಪವಿತ್ರಾತ್ಮನು ಸುರಿದನು. ಹುಡುಗಿಯರು ಪಾಪ ಅರಿಕೆ ಮಾಡಿ ಅತ್ತರು, ರಾತ್ರಿಯೆಲ್ಲಾ ಪ್ರಾರ್ಥಿಸಿದರು, ಗುಂಪುಗಳಾಗಿ ಹಳ್ಳಿಗಳಿಗೆ ಸುವಾರ್ತೆ ಒಯ್ದರು. ಹಲ್ಲೆಲೂಯಾ! ಅಲ್ಲಿ ಸೇವೆ ಮಾಡ್ತಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಈ ಉಜ್ಜೀವನದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಚಿಲಿ ದೇಶದ ವಾಲ್‌ಪರೈಸೋದಲ್ಲಿದ್ದ ಗೆಳತಿಯ ಕೈ ಸೇರಿತು. ಆ ಗೆಳತಿಯ ಗಂಡ ವಿಲ್ಲಿಸ್ ಹೂವರ್ ಅವರ ಸಭೆಯಲ್ಲಿ 1909ರಲ್ಲಿ ಉಜ್ಜೀವನ ಬಂತು, ಚಿಲಿಯ ಪೆಂತೆಕೊಸ್ತ್ ಸಭೆಗಳು ಹುಟ್ಟಿದವು. ದೂರದ ದೇಶದ ಸಹಾಯ ಪಡೆದ ಅನಾಥ ಹುಡುಗಿಯರು ಇನ್ನೊಂದು ದೂರದ ದೇಶಕ್ಕೆ ಬೆಂಕಿ ಹಚ್ಚಿದರು.

ನಾವು ಪೆಂತೆಕೊಸ್ತರು 1905ನ್ನು ಎಷ್ಟು ಸಲ ಹೇಳ್ತೀವಿ! 1887ನ್ನು ಯಾರು ಹೇಳ್ತಾರೆ? ಬೆಂಕಿ ಇಳಿದ ಆ ಅಂಗಳ ಸುಮ್ಮನೆ ಬರಲಿಲ್ಲ. ಹೆಸರೇ ಗೊತ್ತಿಲ್ಲದ ಯಾರೋ ಹೆಂಗಸರು ಹತ್ತು ವರ್ಷ ತಪ್ಪದೆ ಡಾಲರ್ ಎತ್ತಿಟ್ಟಿದ್ದರಿಂದ ಮೊದಲ ಮನೆ ನಿಂತಿತು, ಆ ಮನೆಯಿಂದ ಮುಕ್ತಿ ಬೆಳೆಯಿತು. ಅವರಿಗೆ ಅವತ್ತು ಮೈ ಜುಮ್ ಅಂದಿರಲಿಕ್ಕಿಲ್ಲ, ಕಣ್ಣೀರೂ ಬಂದಿರಲಿಕ್ಕಿಲ್ಲ. ಆ ನಂಬಿಗಸ್ತಿಕೆಯೂ ಆತ್ಮನ ಫಲವೇ, ಗಲಾತ್ಯ ಪತ್ರಿಕೆಯ ಪಟ್ಟಿಯಲ್ಲಿ ಇದೆ, ನೋಡ್ಕೊಳ್ಳಿ. ಆಮೆನ್?

ರಮಾಬಾಯಿಯವರೂ ಕೊನೆವರೆಗೆ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. ಮೂಲಭಾಷೆಗಳನ್ನು ಕಲಿತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡರು. ಆ ದುಃಖದಲ್ಲೂ ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು.

ಈಗ ಕೊರಿಂಥಕ್ಕೆ ಬನ್ನಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೊಡ್ತೀವಿ ಅಂತ ಹಿಂದಿನ ವರ್ಷ ಉತ್ಸಾಹದಿಂದ ಶುರು ಮಾಡಿದ ಸಭೆ ಅದು. ಪೌಲ ಅವರಿಗೆ ಹೊಸದೇನೂ ಕೇಳ್ತಿಲ್ಲ, ಶುರು ಮಾಡಿದ್ದನ್ನು ಮುಗಿಸಿ ಅಂತಾನೆ. ಇರೋದರಲ್ಲಿ ಕೊಡಿ, ಆದರೆ ಮುಗಿಸಿ. ಲೆಕ್ಕದಲ್ಲಿ ಯಾರೂ ಬೆರಳು ತೋರಿಸದ ಹಾಗೆ ನಂಬಿಗಸ್ತ ಸಹೋದರರನ್ನೂ ಕಳಿಸ್ತಾನೆ.

ಆ ನೇಪಾಳದ ಆಶ್ರಮಕ್ಕೆ ನಾವು ಬಾಕಿ ಇರೋದು ನಾಲ್ಕು ವರ್ಷ, ಒಂದು ತಿಂಗಳು. ನಾನು ಈ ತಿಂಗಳಿಂದ ಶುರು ಮಾಡಿದ್ದೀನಿ. ಹಿಂದೆ ಟೇಬಲ್ ಮೇಲೆ ಒಂದು ಪುಸ್ತಕ ಇದೆ. ಇವತ್ತು ಯಾರೂ ಬರೀಬೇಡಿ. ಕೀಬೋರ್ಡ್ ನುಡಿಸ್ತಿರುವಾಗ ಬರೆದ ಮಾತು ಎಷ್ಟು ದಿನ ಇರುತ್ತೆ ಅಂತ ನನಗೆ ಗೊತ್ತು. ಮನೆಗೆ ಹೋಗಿ, ಸಂಬಳದ ಲೆಕ್ಕ ಹಾಕಿ, ಮದುವೆ ಆಗಿದ್ರೆ ಗಂಡನನ್ನೋ ಹೆಂಡತಿಯನ್ನೋ ಕೇಳಿ, ಪ್ರಾರ್ಥನೆ ಮಾಡಿ. ನೂರು ರೂಪಾಯಿ ಆದರೂ ಸಾಕು. ಮೊತ್ತದ ಪಕ್ಕದಲ್ಲಿ ಎಷ್ಟು ತಿಂಗಳು ಅಂತಲೂ ಒಂದು ಕಾಲಂ ಇದೆ, ಅದನ್ನು ಭಯಭಕ್ತಿಯಿಂದ ತುಂಬಿಸಿ. ದುಡ್ಡು ಯಾರ ಸ್ವಂತ ಖಾತೆಗೂ ಹೋಗಲ್ಲ, ಇಬ್ಬರು ಲೆಕ್ಕ ನೋಡ್ತಾರೆ, ಮೂರು ತಿಂಗಳಿಗೊಮ್ಮೆ ಇಲ್ಲೇ ಓದ್ತಾರೆ. ಆ ಮಕ್ಕಳ ಫೋಟೋ ಮಾತ್ರ ಯಾರೂ ಸ್ಟೇಟಸ್‌ಗೆ ಹಾಕಬಾರದು.

ಬನ್ನಿ, ತಲೆ ಬಾಗಿಸೋಣ. ತಂದೆಯೇ, ಅರ್ಧಕ್ಕೆ ಬಿಟ್ಟ ನಮ್ಮ ಮಾತುಗಳನ್ನು ಕ್ಷಮಿಸು. ಗ್ಯಾರೇಜಿಗೆ ಹೋದ ಆ ನಿನ್ನ ಮಗನನ್ನು ಆಶೀರ್ವದಿಸು. ನಮಗೆ ಬೆಂಕಿ ಕೊಡು, ಅದರ ಜೊತೆಗೆ ಹತ್ತು ವರ್ಷ ನಿಲ್ಲುವ ಮನಸ್ಸನ್ನೂ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.